ಕರುಗಳ ಪ್ರದರ್ಶನ: ಮಕ್ಕಳ ಕೈಗೆ ಎಂಥ ಹಗ್ಗ?

ಅಡಿಕೆ ಕೊಯ್ಲು ಮುಗಿದು, ಅರೇಬಿಕಾ ಕಣದಿಂದ ಚೀಲ ಸೇರಿ, ರೊಬಸ್ಟಾದ ಕೊನೆಯ ಸುತ್ತು ನಡೆಯುತ್ತಿರುವ ಹೊತ್ತಿಗೆ ನಮ್ಮ ಕಡೆ ಕರುಗಳ ಪ್ರದರ್ಶನದ ಕಾಲವೂ ಬರುತ್ತದೆ. ಪಶು ಆಸ್ಪತ್ರೆಯವರು, ಹಾಲು ಉತ್ಪಾದಕರ ಸಂಘದವರು, ಪಂಚಾಯಿತಿಯವರು ಸೇರಿ ಶಾಲೆಯ ಬಯಲಿನಲ್ಲಿ ಶಾಮಿಯಾನ ಹಾಕಿಸುತ್ತಾರೆ. ಮೈಕು ಬರುತ್ತದೆ, ಬ್ಯಾಂಡ್ ಸೆಟ್ ಬರುತ್ತದೆ, ಗಣ್ಯರು ಸ್ವಲ್ಪ ತಡವಾಗಿ ಬರುತ್ತಾರೆ. ಮಿಶ್ರತಳಿ ಕರುಗಳನ್ನು ವಯಸ್ಸಿನ ಪ್ರಕಾರ ಸಾಲಾಗಿ ನಿಲ್ಲಿಸಿ, ನೋಡಿ, ಬಹುಮಾನವಾಗಿ ಸ್ಟೀಲ್ ಬಕೆಟ್ಟೋ ಹಾಲಿನ ಕ್ಯಾನೋ ಖನಿಜ ಮಿಶ್ರಣದ ಪೊಟ್ಟಣವೋ ಕೊಡುತ್ತಾರೆ. ಕರುವನ್ನು ಹಿಡಿದು ನಿಲ್ಲುವವರು ಬಹುಪಾಲು ಮಕ್ಕಳೇ. ದೊಡ್ಡವರಿಗೆ ಕಣದ ಕೆಲಸವಿರುತ್ತದೆ; ಅಲ್ಲದೆ ಮಕ್ಕಳು ಹಿಡಿದರೆ ನೋಡಲು ಚೆಂದ ಎಂಬ ಭಾವನೆಯೂ ಇದೆ.

ಕಾಫಿ, ಅಡಿಕೆಯವರ ಪತ್ರಿಕೆಯಲ್ಲಿ ಕರುವಿನ ವಿಷಯವೇಕೆ ಎಂದು ಕೆಲವು ಸದಸ್ಯರು ಕೇಳಬಹುದು. ಗೊಬ್ಬರಕ್ಕೆಂದು ಬಯಲುಸೀಮೆಯಿಂದ ಲಾರಿಯಲ್ಲಿ ಸಗಣಿ ತರಿಸಿ ಇಳಿಸಿಕೊಳ್ಳುತ್ತಿರುವವರು ನಾವೇ ಅಲ್ಲವೇ? ಹಿಂದೆ ಹತ್ತು ಹದಿನೈದು ದನ ಇದ್ದ ಕೊಟ್ಟಿಗೆಯಲ್ಲಿ ಈಗ ಎರಡು ಉಳಿದಿದ್ದರೆ ದೊಡ್ಡದು. ಆ ಎರಡನ್ನಾದರೂ ನೋಡಿಕೊಳ್ಳುವ ಮನಸ್ಸು ಮನೆಯ ಹುಡುಗರಲ್ಲಿ ಉಳಿದಿದೆ ಎಂದಾದರೆ ಅದು ತೋಟದ ವಿಷಯವೇ. ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಅದನ್ನು ಮುಚ್ಚಿಡದೆ ಮೊದಲಿಗೇ ಹೇಳುತ್ತೇವೆ.

2024ರ ಫೆಬ್ರವರಿಯಲ್ಲಿ ನಮ್ಮ ಹೋಬಳಿಯಲ್ಲಿ ಇಂಥದೊಂದು ಪ್ರದರ್ಶನ ನಡೆಯಿತು. ಎರಡು ಎಕರೆ ತೋಟವಿರುವ ನಮ್ಮ ಸದಸ್ಯರೊಬ್ಬರ ಮಗ, ಹನ್ನೊಂದು ವರ್ಷದ ಹುಡುಗ, ಒಂಬತ್ತು ತಿಂಗಳ ಹೋಲ್‌ಸ್ಟೀನ್ ಮಿಶ್ರತಳಿ ಕಡಸನ್ನು ಹಿಡಿದು ನಿಂತಿದ್ದ. ಕರು ಸೊಗಸಾಗಿತ್ತು. ಅದರ ಕುತ್ತಿಗೆಗೆ ಕೆಂಪು ಹಳದಿ ಬಣ್ಣದ ಹೊಚ್ಚ ಹೊಸ ನೈಲಾನ್ ಹಗ್ಗ. ಹಗ್ಗದ ಇನ್ನೊಂದು ತುದಿ ಹುಡುಗನ ಬಲಗೈಗೆ ಎರಡು ಸುತ್ತು. ಗಣ್ಯರ ಜೀಪು ಬಯಲಿಗೆ ತಿರುಗಿದ್ದೇ ತಡ, ಬ್ಯಾಂಡಿನವರು ಶುರು ಮಾಡಿದರು. ಕರು ಒಮ್ಮೆ ಹಿಂದಕ್ಕೆ ಸರಿದು ಮುಂದಕ್ಕೆ ನೆಗೆಯಿತು. ಹುಡುಗ ಹಗ್ಗ ಬಿಡಲಿಲ್ಲ ಎಂದು ಆಮೇಲೆ ಹಲವರು ಹೊಗಳಿದರು. ಅವನು ಬಿಡಲಿಲ್ಲವೆಂದಲ್ಲ, ಬಿಡಲು ಆಗಲಿಲ್ಲ. ಕುಣಿಕೆ ಬಿಗಿದಿತ್ತು. ಮೂವತ್ತು ಅಡಿಯಷ್ಟು ದೂರ ಎಳೆದುಕೊಂಡು ಹೋದ ಮೇಲೆ ಶಾಮಿಯಾನದ ಗೂಟಕ್ಕೆ ಹಗ್ಗ ಸಿಕ್ಕಿ ಕರು ನಿಂತಿತು. ಹುಡುಗನ ಅಂಗೈ ಚರ್ಮ ಸುಲಿದು, ಉಂಗುರದ ಬೆರಳು ಮುರಿದಿತ್ತು.

ಆ ಹಗ್ಗ ಮಾರಿದವರು ನಾವು. ನಮ್ಮ ಸಂಘದ ಡಿಪೋದಲ್ಲಿಯೇ, ಪ್ರದರ್ಶನಕ್ಕೆ ಎರಡು ದಿನ ಇರುವಾಗ, "ಇದು ಗಟ್ಟಿ, ಹರಿಯುವುದಿಲ್ಲ" ಎಂಬ ಶಿಫಾರಸಿನೊಂದಿಗೆ ಅದು ಆ ಸದಸ್ಯರ ಕೈ ಸೇರಿತ್ತು. ಶಿಫಾರಸು ಸುಳ್ಳಾಗಲಿಲ್ಲ, ಹಗ್ಗ ಹರಿಯಲಿಲ್ಲ. ಸದಸ್ಯರು ನಮ್ಮ ಮೇಲೆ ಒಂದು ಮಾತೂ ಆಡಲಿಲ್ಲ, ಹುಡುಗನ ಅಜಾಗರೂಕತೆ ಎಂದರು. ಆದರೆ ಕೌಂಟರಿನ ಹಿಂದೆ ನಿಂತು ಬೀಗಿದವರಿಗೆ ಅಷ್ಟು ಸುಲಭವಾಗಿ ಸಮಾಧಾನವಾಗಲಿಲ್ಲ. ಅಂದಿನಿಂದ ಈ ವಿಷಯವನ್ನು ಸ್ವಲ್ಪ ಓದಿ, ಪಶುವೈದ್ಯರನ್ನು ಕೇಳಿ, ನಮ್ಮ ಮನೆಯ ಕೊಟ್ಟಿಗೆಯಲ್ಲಿಯೇ ಎರಡು ಕರುಗಳ ಮೇಲೆ ಪ್ರಯೋಗಿಸಿ ನೋಡಿದ್ದೇವೆ. ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ತೂಕದ ಲೆಕ್ಕ. ಕರು ಎಷ್ಟು ಭಾರವಿದೆ ಎಂದು ತಿಳಿಯದೆ ಅದನ್ನು ಯಾರ ಕೈಗೆ ಕೊಡಬೇಕೆಂದು ಹೇಗೆ ತೀರ್ಮಾನಿಸುವುದು? ಇದಕ್ಕೆ ತಕ್ಕಡಿ ಬೇಡ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಅಂಗುಲದಲ್ಲಿ ಅಳೆಯಿರಿ. ಭುಜದ ಮೂಳೆಯ ಮುಂತುದಿಯಿಂದ ಬಾಲದ ಪಕ್ಕದ ಪಿರ್ರೆ ಮೂಳೆಯ ತುದಿಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಸುಮಾರಾಗಿ ಕಿಲೋ ಲೆಕ್ಕದ ತೂಕ ಸಿಗುತ್ತದೆ. ಸುತ್ತಳತೆ 45 ಅಂಗುಲ, ಉದ್ದ 38 ಅಂಗುಲ ಎಂದಿಟ್ಟುಕೊಳ್ಳಿ. 45 ಇಂಟು 45 ಎಂದರೆ 2025, ಅದನ್ನು 38ರಿಂದ ಗುಣಿಸಿದರೆ 76,950, ಭಾಗಿಸಿದರೆ 116 ಕಿಲೋ ಚಿಲ್ಲರೆ. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ, ಶಾಲೆಯ ಗಣಿತಕ್ಕೂ ಒದಗುತ್ತದೆ. ಹತ್ತು ಹನ್ನೊಂದು ವರ್ಷದ ಹುಡುಗ ಮೂವತ್ತು ಕಿಲೋ ಆಸುಪಾಸು. ಅಂದರೆ ನಾಲ್ಕು ಪಾಲು ತೂಕದ, ನಾಲ್ಕು ಕಾಲಿನ ಪ್ರಾಣಿಯನ್ನು ಎರಡು ಕಾಲಿನ ಮಗು ಬಲದಿಂದ ತಡೆಯಬೇಕೆಂದು ನಾವು ನಿರೀಕ್ಷಿಸುತ್ತಿದ್ದೇವೆ. ಅದು ಯಾವ ಹಗ್ಗದಿಂದಲೂ ಸಾಧ್ಯವಿಲ್ಲ. ಹಗ್ಗ ಮಾಡಬಹುದಾದದ್ದು ಇಷ್ಟೇ: ಕರು ಕಲಿತ ಪಾಠವನ್ನು ಆ ದಿನ ಅದಕ್ಕೆ ನೆನಪಿಸಬಹುದು.

ನಮ್ಮಲ್ಲಿ ಕರುವನ್ನು ಹಿಡಿಯುವುದು ಕುತ್ತಿಗೆಯ ಕಣ್ಣಿಯಿಂದ. ಕೊಟ್ಟಿಗೆಯಲ್ಲಿ ಗೂಟಕ್ಕೆ ಕಟ್ಟಲು ಕಣ್ಣಿ ಸರಿ, ಆದರೆ ನಡೆಸಿಕೊಂಡು ಹೋಗಲು ಅದು ತೀರ ಕೆಟ್ಟ ಸಾಧನ. ದನದ ಬಲವೆಲ್ಲ ಕುತ್ತಿಗೆ ಭುಜಗಳಲ್ಲಿರುತ್ತದೆ. ನೊಗ ಹೂಡುವುದು ಅಲ್ಲಿಗೇ ತಾನೆ? ಕುತ್ತಿಗೆಗೆ ಹಗ್ಗ ಹಾಕಿ ಹಿಂದಿನಿಂದ ಎಳೆಯುವುದೆಂದರೆ ಕರುವಿಗೆ ಗಾಡಿ ಎಳೆಯುವುದನ್ನು ಕಲಿಸಿದಂತೆ, ಗಾಡಿಯ ಜಾಗದಲ್ಲಿ ಮಗು. ಇನ್ನು ಎತ್ತಿಗೆ ಹಾಕುವ ಹಾಗೆ ಮೂಗುದಾರ ಹಾಕಬಹುದಲ್ಲ ಎನ್ನುವ ಹಿರಿಯರಿದ್ದಾರೆ. ಹಾಲಿಗಾಗಿ ಸಾಕುವ ಹೆಣ್ಣುಗರುವಿಗೆ ಮೂಗು ಚುಚ್ಚುವ ಅಗತ್ಯ ನಮಗೆ ಕಾಣುವುದಿಲ್ಲ. ಅಲ್ಲದೆ ಹೆದರಿದ ಮಗು ಮೂಗುದಾರವನ್ನು ಜಗ್ಗಿದರೆ ಕರುವಿನ ಗತಿ ಏನು?

ಬೇಕಾದದ್ದು ಮುಖಕ್ಕೆ ಹಾಕುವ ಹಗ್ಗ, ಹಾಲ್ಟರ್ ಎನ್ನುತ್ತಾರಲ್ಲ, ಅದು. ತಲೆ ತಿರುಗಿದತ್ತ ಮೈ ತಿರುಗುತ್ತದೆ ಎಂಬ ಸಣ್ಣ ಸತ್ಯದ ಮೇಲೆ ಅದು ನಿಂತಿದೆ. ಇದರ ಒಂದು ಪಟ್ಟಿ ಮೂಗಿನ ಮೇಲೆ, ಒಂದು ಕಿವಿಗಳ ಹಿಂದೆ, ಒಂದು ಗಲ್ಲದ ಅಡಿಯಲ್ಲಿ. ಹಗ್ಗ ಎಳೆದಾಗ ಗಲ್ಲದಡಿಯ ಭಾಗ ಬಿಗಿಯಬೇಕು, ಸಡಿಲ ಬಿಟ್ಟ ಕ್ಷಣ ತಾನೂ ಸಡಿಲವಾಗಬೇಕು. ಈ ಸಡಿಲವಾಗುವ ಗುಣವೇ ಕರುವಿಗೆ ಪಾಠ ಹೇಳುವುದು. ಹೆಜ್ಜೆ ಇಟ್ಟರೆ ಬಿಗಿ ಹೋಗುತ್ತದೆ ಎಂದು ಎರಡು ಮೂರು ದಿನದಲ್ಲಿ ಅದಕ್ಕೆ ತಿಳಿದುಬಿಡುತ್ತದೆ. ಒಮ್ಮೆ ಬಿಗಿದದ್ದು ಬಿಗಿದಂತೆಯೇ ಉಳಿಯುವ ಹಗ್ಗದಿಂದ ಕರು ಕಲಿಯುವುದು ಒಂದೇ, ಹೆದರುವುದನ್ನು.

ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಕರುವಿಗಾದರೆ ಕಿರುಬೆರಳು ಗಾತ್ರದ ಹತ್ತಿ ಹಗ್ಗ ಹತ್ತು ಹನ್ನೆರಡು ಅಡಿ ಸಾಕು, ದೊಡ್ಡ ಕಡಸಿಗೆ ಹೆಬ್ಬೆರಳಿಗಿಂತ ತುಸು ಸಣ್ಣದು ಹದಿನಾಲ್ಕು ಅಡಿ. ಹಗ್ಗದ ಒಂದು ತುದಿಯನ್ನು ಮಡಿಚಿ, ಹುರಿಯೊಳಗೆ ಹೆಣೆದು ಜಾರದ ಹಾಗೆ ಒಂದು ಕಣ್ಣು ಮಾಡಿ. ಅಲ್ಲಿಂದ ಕರುವಿನ ಮೂಗಿನ ಮೇಲೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಎಷ್ಟು ದೂರವೋ ಅಷ್ಟು ಬಿಟ್ಟು, ಎರಡನೆಯ ಕಣ್ಣು ಮಾಡಿ. ಈ ಎರಡನೆಯ ಕಣ್ಣು ಕರುವಿನ ಎಡಕೆನ್ನೆಗೆ ಬರಬೇಕು. ಉಳಿದ ಉದ್ದ ಹಗ್ಗ ಅಲ್ಲಿಂದ ಕಿವಿಗಳ ಹಿಂದೆ ಹಾದು, ಬಲಗಡೆ ಇಳಿದು, ತುದಿಯ ಕಣ್ಣಿನೊಳಗೆ ನುಗ್ಗಿ, ಗಲ್ಲದ ಅಡಿಯಿಂದ ಬಂದು, ಎಡಕೆನ್ನೆಯ ಕಣ್ಣಿನಿಂದ ಹೊರಬಿದ್ದರೆ ಅದೇ ಹಿಡಿಯುವ ಹಗ್ಗ. ಬರೆಯಲು ಉದ್ದವಾಯಿತು, ಕೈಯಲ್ಲಿ ಹಗ್ಗ ಹಿಡಿದು ಓದಿದರೆ ಐದು ನಿಮಿಷದ ಕೆಲಸ.

ಹಾಕುವಾಗ ಆಗುವ ತಪ್ಪುಗಳು ಎರಡು. ಮೂಗಿನ ಪಟ್ಟಿ ತೀರ ಕೆಳಗೆ, ಮೂಗಿನ ಮೆತ್ತಗಿನ ಭಾಗದ ಮೇಲೆ ಕುಳಿತರೆ ಉಸಿರು ಕಟ್ಟಿ ಕರು ಗಾಬರಿಯಾಗುತ್ತದೆ. ಅದು ಕಣ್ಣಿನಿಂದ ಎರಡು ಮೂರು ಬೆರಳು ಕೆಳಗೆ, ಗಟ್ಟಿ ಮೂಳೆಯ ಮೇಲೇ ಇರಬೇಕು. ಎರಡನೆಯದು, ಇಡೀ ಹಾಲ್ಟರನ್ನು ತಲೆಕೆಳಗಾಗಿ ಹಾಕುವುದು. ಆಗ ಬಿಗಿಯುವ ಭಾಗ ಗಲ್ಲದಡಿ ಬರುವ ಬದಲು ಕಿವಿಯ ಹಿಂದೆ ಹೋಗಿ, ಪಕ್ಕದ ಹಗ್ಗ ಕಣ್ಣಿಗೆ ಉಜ್ಜುತ್ತದೆ. ನಾವೇ ಮೊದಲ ದಿನ ಹೀಗೆ ಹಾಕಿ, ಕರು ತಲೆ ಒದರುವುದನ್ನು ಅದರ ಹಟಮಾರಿತನವೆಂದು ತಿಳಿದಿದ್ದೆವು.

ಹಗ್ಗದ ಜಾತಿಯ ಮಾತಿಗೆ ಬರೋಣ. ನೈಲಾನ್ ನೀರಿಗೆ ಕೊಳೆಯುವುದಿಲ್ಲ, ಅಗ್ಗ, ಬಣ್ಣ ಚೆಂದ. ಬಾವಿಗೆ, ಹೊರೆ ಕಟ್ಟಲು ಅದೇ ಸರಿ. ಆದರೆ ಅಂಗೈಯಲ್ಲಿ ಜಾರಿದರೆ ಸುಡುತ್ತದೆ. ಕರುವಿನ ಮುಖದ ಮೇಲೆ ಬಿಟ್ಟರೆ ಬೆಳೆಯುತ್ತ ಹೋದಂತೆ ಚರ್ಮ ಕೊರೆದು ಒಳಗೆ ಇಳಿಯುತ್ತದೆ. ಹೀಗೆ ಹುಳವಾದ ಕರುಗಳನ್ನು ಪಶುವೈದ್ಯರು ನಮಗೆ ತೋರಿಸಿದ್ದಾರೆ. ತೆಂಗಿನ ನಾರಿನ ಹಗ್ಗ ಕೈಗೆ ಹಿಡಿತ ಕೊಡುತ್ತದೆ, ಆದರೆ ಎಳೆಗರುವಿನ ಮೂಗಿಗೆ ಒರಟು. ಹತ್ತಿಯದು ಮೆತ್ತಗೆ, ಹಿಡಿತವೂ ಇದೆ. ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿದು ಲಡ್ಡಾಗುತ್ತದೆ ಎಂಬುದು ಅದರ ದೋಷ. ಪ್ರತಿ ವರ್ಷ ಹೊಸದು ಮಾಡಿಕೊಂಡರಾಯಿತು; ಹನ್ನೆರಡು ಅಡಿ ಹಗ್ಗದ ಬೆಲೆ ಎಷ್ಟಾದೀತು? ಯಾವ ಹಗ್ಗವಾದರೂ ಸರಿ, ಬೆಳೆಯುವ ಕರುವಿನ ಮುಖದ ಮೇಲೆ ರಾತ್ರಿ ಬಿಡಬಾರದು. ಪಾಠ ಮುಗಿದ ಕೂಡಲೇ ಕಳಚಿ ಗೂಟಕ್ಕೆ ನೇತುಹಾಕುವುದೂ ಮಗುವಿನ ಕೆಲಸದಲ್ಲಿಯೇ ಸೇರಿರಲಿ.

ಹೊರದೇಶದ ಚಿತ್ರಗಳಲ್ಲಿ ಕಾಣುವ, ಗಲ್ಲದಡಿ ಸಣ್ಣ ಸರಪಳಿ ಇರುವ ಚರ್ಮದ ಹಾಲ್ಟರನ್ನು ತರಿಸಿಕೊಡಿ ಎಂದು ಇಬ್ಬರು ಸದಸ್ಯರು ಕೇಳಿದ್ದರು. ಅದು ಪ್ರದರ್ಶನದ ದಿನಕ್ಕೆಂದೇ ಮಾಡಿದ್ದು, ಅದರಿಂದ ಕರುವನ್ನು ಕಟ್ಟಿಹಾಕುವಂತಿಲ್ಲ, ಜಗ್ಗಿದರೆ ಚರ್ಮ ಕಿತ್ತುಬರುತ್ತದೆ. ಸರಪಳಿಗೆ ಹಗುರವಾದ ಕೈ ಬೇಕು. ಹೊಸಬರ ಕೈಯಲ್ಲಿ ಅದು ಗಲ್ಲವನ್ನು ಕೊರೆಯುತ್ತದೆ. ನಮ್ಮ ಪ್ರದರ್ಶನಗಳಿಗೆ ಅದರ ಅಗತ್ಯ ಖಂಡಿತ ಇಲ್ಲ. ಸರಪಳಿಯ ಮಾತು ಬಂದದ್ದರಿಂದ ಇನ್ನೊಂದು ಮಾತು: ಪ್ರಾಣಿಗಳನ್ನು ವಿಪರೀತ ಗಿಡ್ಡವಾದ ಅಥವಾ ವಿಪರೀತ ಭಾರವಾದ ಸರಪಳಿ ಇಲ್ಲವೆ ಹಗ್ಗದಿಂದ ಬಹಳ ಹೊತ್ತು ಕಟ್ಟಿಹಾಕುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಜಾತ್ರೆಯ ಬಯಲಿನಲ್ಲಿ ನಾವು ಯಾರೂ ಇದನ್ನು ನೆನೆಯುವುದಿಲ್ಲ.

ಆ ಹೊರದೇಶದವರಿಂದ ಕಲಿಯಬೇಕಾದ್ದು ಚರ್ಮದ ಪಟ್ಟಿಯನ್ನಲ್ಲ, ತಿಂಗಳುಗಳ ಲೆಕ್ಕವನ್ನು. ಇಂಗ್ಲೆಂಡಿನ ಡೆವನ್ ಪ್ರಾಂತದ ಹೆಮಿಯಾಕ್ ಎಂಬ ಹಳ್ಳಿಯಲ್ಲಿ 1921ರಲ್ಲಿ ಹಳ್ಳಿಯ ಮಕ್ಕಳಿಗೆ ಕರು ಸಾಕಲು ಕೊಟ್ಟು ಒಂದು ಕ್ಲಬ್ಬು ಕಟ್ಟಿದರು. ಆ ದೇಶದ ಯಂಗ್ ಫಾರ್ಮರ್ಸ್ ಕ್ಲಬ್ಬುಗಳೆಲ್ಲ ಅದರಿಂದ ಬೆಳೆದವು. ಅಮೆರಿಕದಲ್ಲಿ 4-ಎಚ್ ಎಂಬ ಸಂಸ್ಥೆಯ ಮಕ್ಕಳೂ ಹೀಗೆಯೇ ಒಂದು ಕರುವನ್ನು ತಿಂಗಳುಗಟ್ಟಲೆ ತಾವೇ ಸಾಕಿ, ಪಳಗಿಸಿ, ಮೇಳಕ್ಕೆ ತರುತ್ತಾರೆ. ಅಲ್ಲಿ ಕರುವಿನ ಲಕ್ಷಣಕ್ಕೆ ಒಂದು ಬಹುಮಾನವಾದರೆ, ಅದನ್ನು ನಡೆಸಿ ನಿಲ್ಲಿಸಿ ತೋರಿಸುವ ಮಗುವಿನ ಕೌಶಲಕ್ಕೆ ಪ್ರತ್ಯೇಕವಾಗಿ ಇನ್ನೊಂದು ಸ್ಪರ್ಧೆ. ನಮ್ಮಲ್ಲಿ ಕರುವಿಗೆ ಮಾತ್ರ ಅಂಕ. ಹಾಗಾಗಿ ಹಿಂದಿನ ದಿನದವರೆಗೆ ಕರುವನ್ನು ಮುಟ್ಟದ ಹುಡುಗನ ಕೈಗೆ ಬೆಳಿಗ್ಗೆ ಹಗ್ಗ ಬರುತ್ತದೆ. ಇನ್ನೂ ಒಂದು ವಿಚಿತ್ರ ನೋಡಿದ್ದೇವೆ: ವರ್ಷವಿಡೀ ಕರುವಿಗೆ ಹಾಲು ಕುಡಿಸಿ, ಸಗಣಿ ಬಾಚಿ, ಮೈ ತೊಳೆದವಳು ಮನೆಯ ಮಗಳು, ಶಾಮಿಯಾನದಡಿ ಹಗ್ಗ ಹಿಡಿದು ನಿಂತವನು ಮಗ. ಕರು ಯಾರ ದನಿಗೆ ಕಿವಿ ನಿಮಿರಿಸುತ್ತದೋ ಅವರ ಕೈಗೆ ಹಗ್ಗ ಕೊಡಿ. ಸಲಕರಣೆಯ ಆಯ್ಕೆಯಲ್ಲಿ ಇದು ಮೊದಲನೆಯದು ಎಂದು ಬೇಕಾದರೆ ತಿಳಿಯಿರಿ.

ಪಳಗಿಸುವುದನ್ನು ಕರು ಮಗುವಿಗಿಂತ ಬಲಹೀನವಾಗಿರುವಾಗಲೇ, ಅಂದರೆ ಎರಡು ಮೂರು ತಿಂಗಳೊಳಗೆ ಆರಂಭಿಸುವುದು ಉತ್ತಮ. ಮೊದಲ ವಾರ ಹಾಲ್ಟರ್ ಹಾಕಿ, ಕರುವಿನ ತಲೆಯ ಎತ್ತರಕ್ಕೆ, ಒಂದೂವರೆ ಎರಡು ಅಡಿ ಸಡಿಲ ಬಿಟ್ಟು, ಅರ್ಧ ಗಂಟೆ ಕಟ್ಟಿ ಎದುರಿಗೇ ಕುಳಿತಿರಬೇಕು. ಗಂಟು ಒಂದು ಎಳೆತಕ್ಕೆ ಬಿಚ್ಚಿಕೊಳ್ಳುವ ಕುಣಿಕೆಗಂಟೇ ಆಗಿರಲಿ. ಕರು ಬಿದ್ದು ಹಗ್ಗ ಬಿಗಿದಾಗ ಕತ್ತಿ ಹುಡುಕುವ ಪಾಡು ಬೇಡ. ಆಮೇಲೆ ನೀರು ಕುಡಿಸಲು ಹೋಗುವಾಗ ನಾಲ್ಕು ಹೆಜ್ಜೆ, ಮರುದಿನ ಹತ್ತು. ದಿನಕ್ಕೆ ಹತ್ತು ನಿಮಿಷ ಸಾಕು, ಆದರೆ ಆರೆಂಟು ವಾರ ತಪ್ಪಬಾರದು. ಮಗು ಕರುವಿನ ಎಡಗಡೆ, ಅದರ ತಲೆಯ ಪಕ್ಕ ನಡೆಯಬೇಕು. ಮುಂದೆ ನಿಂತು ಎಳೆಯುವುದಲ್ಲ. ಹಗ್ಗದ ಉಳಿದ ಉದ್ದವನ್ನು ಅಂಗೈಯಲ್ಲಿ ಮಡಿಕೆ ಮಡಿಕೆಯಾಗಿ ಹಿಡಿದುಕೊಳ್ಳಬೇಕು. ಕೈಗಾಗಲಿ ಸೊಂಟಕ್ಕಾಗಲಿ ಒಂದು ಸುತ್ತೂ ಬೇಡ. ತುದಿಗೆ ಹೆಬ್ಬೆಟ್ಟಿನ ಗಂಟನ್ನೂ ಹಾಕಬೇಡಿ, ಕೈ ಬಿಟ್ಟಾಗ ಅದು ಬೆರಳ ಸಂದಿಗೆ ಸಿಕ್ಕುತ್ತದೆ. ಕರು ಕಿತ್ತುಕೊಂಡು ಓಡಿದರೆ ಬಿಟ್ಟುಬಿಡಬೇಕು ಎಂದು ಮಗುವಿಗೆ ಮೊದಲೇ, ಅಪ್ಪನ ಬಾಯಿಂದಲೇ, ಹೇಳಿರಬೇಕು. ಇದು ಬಹಳ ಮುಖ್ಯ. ಆ ಹುಡುಗನಿಗೆ ಹಿಂದಿನ ರಾತ್ರಿ ಹೇಳಿದ್ದು "ಏನಾದರೂ ಬಿಡಬೇಡ" ಎಂದು.

ಮಲೆನಾಡಿನ ಕರುವಿಗೆ ಇನ್ನೊಂದು ಕಷ್ಟವಿದೆ. ಅದು ಕಂಡದ್ದು ಕೊಟ್ಟಿಗೆಯ ಕತ್ತಲು, ದರಗಿನ ಹಾಸು, ತೋಟದ ದರೆ, ತಲೆಯ ಮೇಲೆ ಮರದ ನೆರಳು. ಒಮ್ಮೆಗೇ ಬಟಾಬಯಲು, ಗಾಳಿಗೆ ಪಟಪಟಿಸುವ ಶಾಮಿಯಾನ, ನೂರು ಜನ ಎಂದರೆ ಗಾಬರಿಯಾಗದೆ ಇದ್ದೀತೆ? ಕೊನೆಯ ಎರಡು ವಾರ ಅದನ್ನು ಖಾಲಿ ಕಣಕ್ಕೋ ಶಾಲೆಯ ಬಯಲಿಗೋ ನಡೆಸಿಕೊಂಡು ಹೋಗಿ. ಕೊಟ್ಟಿಗೆಯಲ್ಲಿ ಹಾಡು ಹಾಕಿಡಿ. ಕೊಡೆ ಬಿಚ್ಚಿ ಮುಚ್ಚಿ ತೋರಿಸಿ. ನಮ್ಮ ಕರು ಬ್ಯಾಂಡಿಗಿಂತ ಹೆಚ್ಚಾಗಿ ಕೊಡೆಗೇ ಹೆದರುತ್ತಿತ್ತು. ಬ್ಯಾಂಡು ಕರುಗಳ ಸಾಲಿನಿಂದ ದೂರ ನಿಲ್ಲಲಿ ಎಂದು ವ್ಯವಸ್ಥಾಪಕರಿಗೆ ನಾವು ಬರೆದು ಕೇಳಿದ್ದೇವೆ.

ಮೈ ಸಿಂಗಾರದ ಸಾಮಾನುಗಳಿಗೆ ಹೆಚ್ಚು ಮಾತು ಬೇಡ. ರಬ್ಬರಿನ ಹಲ್ಲುಬ್ರಷ್ಷೊಂದು, ಅದಿಲ್ಲದಿದ್ದರೆ ತೆಂಗಿನ ನಾರಿನ ಉಂಡೆ ಅಥವಾ ಬತ್ತದ ಹುಲ್ಲಿನ ಸಿಂಬಿ. ಬಾಲದ ತುದಿ ಸಮ ಮಾಡಲು ಮೊನೆ ಮೊಂಡಾದ ಕತ್ತರಿ. ಕರೆಂಟಿನ ಕ್ಷೌರ ಯಂತ್ರ, ಬಣ್ಣದ ಪುಡಿ, ಮೈಗೆ ಎಣ್ಣೆ ಏನೂ ಬೇಕಿಲ್ಲ. ಎಣ್ಣೆ ಹಚ್ಚಿದ ಮೈಗೆ ಬಯಲಿನ ಧೂಳೆಲ್ಲ ಅಂಟುತ್ತದೆ. ದೀಪಾವಳಿಯಲ್ಲಿ ಸಿಂಗಾರ, ಚೆಂಡುಹೂ, ಹಿಂಡ್ಲೆಕಾಯಿ ಸರ ಕಟ್ಟುವುದು ಪೂಜೆಯ ಮಾತು, ಅದು ಬೇರೆ. ಪ್ರದರ್ಶನದಲ್ಲಿ ಸರ, ಗೊಂಡೆ, ಗೆಜ್ಜೆ ತೂಗಿದರೆ ತೀರ್ಪುಗಾರರಿಗೆ ಕರುವಿನ ಕುತ್ತಿಗೆ ಭುಜಗಳು ಕಾಣುವುದಿಲ್ಲ.

ಆದರೆ ಮೈ ಉಜ್ಜುವ ಕೆಲಸದಲ್ಲಿ ನಮ್ಮ ಸೀಮೆಗೇ ವಿಶೇಷವಾದ ಎರಡು ಅಪಾಯಗಳಿವೆ. ಮೊದಲನೆಯದು ಉಣುಗು. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ, ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಪ್ರದರ್ಶನದ ಕಾಲವೂ ಅದೇ. ಕಾಡಿಗೆ ಮೇಯಲು ಹೋಗುವ ದನದ ಮೈಯಲ್ಲಿ ಉಣುಗು ಬರುತ್ತದೆ. ಮಕ್ಕಳು ಅದನ್ನು ಕೈಯಿಂದ ಕಿತ್ತು ಉಗುರಿನಲ್ಲಿ ಕುಕ್ಕುವುದು ಸರ್ವೇಸಾಮಾನ್ಯ, ಅದನ್ನು ನಿಲ್ಲಿಸಬೇಕು. ಉಣುಗಿನ ಔಷಧಿಯನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ದೊಡ್ಡವರೇ ಹಚ್ಚಿ, ನಾಲ್ಕಾರು ದಿನದ ಮೇಲೆ ಮಕ್ಕಳಿಗೆ ಬ್ರಷ್ಷು ಕೊಡಿ. ತುಂಬು ತೋಳಿನ ಅಂಗಿ ಇರಲಿ. ಪ್ರದರ್ಶನಕ್ಕೆ ಒಯ್ಯುವ ಕರುವನ್ನು ಆ ತಿಂಗಳುಗಳಲ್ಲಿ ಕಾಡಿಗೆ ಬಿಡದೆ ಕೊಟ್ಟಿಗೆಯಲ್ಲೇ ಮೇಯಿಸಿದರೆ ಇನ್ನೂ ಒಳ್ಳೆಯದು.

ಎರಡನೆಯದು ಮೈಲುತುತ್ತ. ಬೋರ್ಡೋ ದ್ರಾವಣ ಕಲಸಿದ ಡ್ರಮ್ಮು, ಬಕೆಟ್ಟು, ಔಷಧಿ ಹೊಡೆದ ಪಂಪು ಮಳೆಗಾಲ ಮುಗಿದ ಮೇಲೆ ಕೊಟ್ಟಿಗೆಯ ಮೂಲೆ ಸೇರುವುದು ಎಲ್ಲರ ಮನೆಯಲ್ಲಿಯೂ ಇದೆ. ನೀಲಿ ಕಲೆ ಕಾಣದಿದ್ದರೆ ಅದೇ ಬಕೆಟ್ಟಿನಲ್ಲಿ ಕರುವಿಗೆ ನೀರು, ಅದೇ ಪಂಪಿನಲ್ಲಿ ಕರುವಿಗೆ ಸ್ನಾನ! ತಾಮ್ರ ಹೆಚ್ಚಾದರೆ ಕರುವಿಗೆ ವಿಷ. ಕೀಟನಾಶಕದ ಶೇಷವಂತೂ ಕರುವಿಗೂ ಮಗುವಿಗೂ ಕೂಡಿಯೇ ಅಪಾಯ. ಆದ್ದರಿಂದ ಕರುವಿಗೆ ಬೇರೆಯೇ ಬಣ್ಣದ ಒಂದು ಬಕೆಟ್ಟು ತೆಗೆದಿಡಿ. ಪ್ರದರ್ಶನಕ್ಕೂ ಅದನ್ನೇ ಒಯ್ಯಿರಿ, ಆಗುವುದಾದರೆ ಮನೆಯ ನೀರನ್ನೂ ಒಯ್ಯಿರಿ. ಹೊಸ ಬಕೆಟ್ಟಿನಲ್ಲಿ ಪೇಟೆಯ ನಲ್ಲಿಯ ನೀರು ಕೊಟ್ಟರೆ ಎಷ್ಟೋ ಕರುಗಳು ಮೂಸಿ ಬಿಟ್ಟುಬಿಡುತ್ತವೆ. ಬಿಸಿಲಿಗೆ ನಿಂತು ನೀರು ಕುಡಿಯದ ಕರು ಮಧ್ಯಾಹ್ನಕ್ಕೆ ಬಾಡಿರುತ್ತದೆ, ತೀರ್ಪುಗಾರರು ಬರುವುದೂ ಆಗಲೇ.

ಮಗುವಿನ ಮೈಮೇಲಿನ ಸಲಕರಣೆಯನ್ನು ನಾವು ಮರೆಯುತ್ತೇವೆ. ಹವಾಯಿ ಚಪ್ಪಲಿ ಹಾಕಿಕೊಂಡು ಕರು ಹಿಡಿಯುವುದನ್ನು ಈ ವರ್ಷದಿಂದ ಬಿಡಬೇಕು. ಶಾಲೆಯ ಬೂಟಾದರೂ ಸರಿ, ತೋಟದ ಗಂಬೂಟಾದರೂ ಸರಿ. ಕರು ಕಾಲು ತುಳಿದರೆ ಬೆರಳು ಉಳಿಯುತ್ತದೆ, ಓಡಿದರೆ ಜಾರುವುದಿಲ್ಲ. ಹೆಣ್ಣುಮಕ್ಕಳು ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿಕೊಳ್ಳಲಿ, ಬಳೆ ಉಂಗುರ ಮನೆಯಲ್ಲಿರಲಿ. ಮಗುವಿಗೆ ಧನುರ್ವಾಯು ಚುಚ್ಚುಮದ್ದು ಆಗಿದೆಯೇ ಎಂದು ನೋಡಿಕೊಳ್ಳಿ. ಇನ್ನು ಯಾವ ಮಗುವಿಗೆ ಯಾವ ಪ್ರಾಣಿ? ನಮ್ಮ ಅಭಿಪ್ರಾಯದಲ್ಲಿ ಹತ್ತು ವರ್ಷದೊಳಗಿನವರಿಗೆ ನಾಲ್ಕು ತಿಂಗಳೊಳಗಿನ ಕರು ಸಾಕು, ಅದೂ ದೊಡ್ಡವರೊಬ್ಬರು ಎರಡನೆಯ ಹಗ್ಗ ಹಿಡಿದು ಪಕ್ಕದಲ್ಲಿರುವಾಗ. ಬೆಳೆದ ಮಲೆನಾಡು ಗಿಡ್ಡ ಹಸುವೇ ಮಿಶ್ರತಳಿಯ ಆರೆಂಟು ತಿಂಗಳ ಕರುವಿನಷ್ಟು ತೂಗುತ್ತದೆ. ದೊಡ್ಡ ಹುಡುಗರು ಅದನ್ನು ಪಳಗಿಸಿ ತಂದರೆ ನೋಡಲು ನಮಗಂತೂ ಸಂತೋಷ. ಹೋರಿಯನ್ನು, ಅದರಲ್ಲಿಯೂ ಜೆರ್ಸಿ ಹೋರಿಯನ್ನು, ಎಷ್ಟೇ ಸಾಧುವಾದರೂ ಮಕ್ಕಳ ಕೈಗೆ ಕೊಡಲೇಬಾರದು.

ಸಾಗಣೆಯದು ಚಿಕ್ಕ ಮಾತು. ಪಿಕಪ್ಪಿನ ನೆಲಕ್ಕೆ ಮರಳು ಅಥವಾ ದಪ್ಪನಾಗಿ ಹುಲ್ಲು, ಹತ್ತಿಸಲು ಇಳಿಸಲು ದರೆಗೆ ಹಿಂದಾಗಿ ನಿಲ್ಲಿಸಿದ ಗಾಡಿ, ಮತ್ತು ಮಗು ಮುಂದಿನ ಸೀಟಿನಲ್ಲಿ. ಹಿಂದೆ ಕರುವಿನ ಜೊತೆ ನಿಲ್ಲುವುದು ಬೇಡ.

ಲಸಿಕೆಯ ದಾಖಲೆಯೂ ಸಲಕರಣೆಯೇ ಎಂದು ನಾವು ಎಣಿಸುತ್ತೇವೆ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಜಾನುವಾರು ಜಾತ್ರೆಗಳನ್ನೇ ನಿಲ್ಲಿಸಬೇಕಾಗಿ ಬಂದದ್ದನ್ನು ಯಾರೂ ಮರೆತಿರಲಾರರು. ಊರಿನ ಕರುಗಳೆಲ್ಲ ಒಂದೆಡೆ ಮೂತಿಗೆ ಮೂತಿ ತಾಗಿಸಿ ನಿಂತರೆ ರೋಗಕ್ಕೆ ಹಬ್ಬ. ಕಾಲುಬಾಯಿ ಲಸಿಕೆಯನ್ನು ಪ್ರದರ್ಶನಕ್ಕೆ ಮೂರು ವಾರವಾದರೂ ಮುಂಚೆ ಹಾಕಿಸಿರಬೇಕು, ಹಿಂದಿನ ದಿನ ಹಾಕಿಸಿದ್ದು ಆ ದಿನಕ್ಕೆ ಕಾಯುವುದಿಲ್ಲ. ಹೆಣ್ಣುಗರುವಿಗೆ ಕಂದುರೋಗದ ಲಸಿಕೆ ನಾಲ್ಕರಿಂದ ಎಂಟು ತಿಂಗಳೊಳಗೆ ಒಮ್ಮೆ. ಕಿವಿಯ ಹಳದಿ ಬಿಲ್ಲೆಯ ಹನ್ನೆರಡು ಅಂಕಿ, ಹುಟ್ಟಿದ ದಿನ, ತಾಯಿಯ ಹಾಲು, ಪ್ರತಿ ಹದಿನೈದು ದಿನದ ಟೇಪಿನ ಅಳತೆ ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಮಗುವೇ ಬರೆದಿಟ್ಟಿದ್ದರೆ ತೀರ್ಪುಗಾರರು ಕೇಳಿದಾಗ ಅಪ್ಪನ ಮುಖ ನೋಡಬೇಕಾಗಿಲ್ಲ.

ಸಂಘದ ಕಡೆಯಿಂದ ಆಗಿರುವುದನ್ನು ತಿಳಿಸುತ್ತೇವೆ. ನೈಲಾನ್ ಹಗ್ಗ ಡಿಪೋದಲ್ಲಿ ಇನ್ನೂ ಸಿಗುತ್ತದೆ, ಬಾವಿಗೆ ಬೇಕಲ್ಲ. ಆದರೆ ಕರುವಿಗೆಂದು ಕೇಳಿದವರಿಗೆ ಕೊಡಬಾರದೆಂದು ಕೌಂಟರಿನಲ್ಲಿ ಹೇಳಿದ್ದೇವೆ. ಎರಡು ದಪ್ಪದ ಹತ್ತಿ ಹಗ್ಗ ತರಿಸಿದೆ. ಹಾಲ್ಟರುಗಳನ್ನು ಮಾಡಿಸಿಟ್ಟು ಮಾರುವ ಸಲಹೆ ಆಡಳಿತ ಮಂಡಳಿಯ ಸಭೆಯಲ್ಲಿ ಬಂದಿತ್ತು. ಅಳತೆ ಇಲ್ಲದೆ ಮಾಡಿದ್ದು ಯಾರ ಕರುವಿಗೂ ಸರಿಯಾಗಲಾರದೆಂದು ಅದನ್ನು ಕೈಬಿಟ್ಟೆವು. ಬದಲಿಗೆ, ಕರುವಿನ ಮೂಗಿನ ಅಗಲವನ್ನು ದಾರದಲ್ಲಿ ಅಳೆದು ತಂದರೆ, ಶನಿವಾರ ಮಧ್ಯಾಹ್ನ ಡಿಪೋದ ಜಗಲಿಯಲ್ಲಿ ಮಕ್ಕಳಿಗೆ ಹೆಣೆಯಲು ಹೇಳಿಕೊಡುತ್ತೇವೆ. ಪ್ರದರ್ಶನದಲ್ಲಿ ಕರುವನ್ನು ಚೆನ್ನಾಗಿ ನಡೆಸಿದ ಒಬ್ಬ ಹುಡುಗ ಅಥವಾ ಹುಡುಗಿಗೆ ಸಂಘದಿಂದ ಒಂದು ಬಹುಮಾನ ಇಡಲು ಮಂಡಳಿ ಒಪ್ಪಿದೆ. ಏನು ಕೊಡುವುದೆಂದು ಇನ್ನೂ ನಿಶ್ಚಯಿಸಿಲ್ಲ, ಸ್ಟೀಲ್ ಬಕೆಟ್ಟಂತೂ ಅಲ್ಲ.

ಆ ಹುಡುಗನ ಬೆರಳು ಕೂಡಿದೆ, ಆದರೆ ಪೂರ್ತಿ ಮಡಚಲು ಬರುವುದಿಲ್ಲ. ಬಲಗೈ ಬರವಣಿಗೆ ಹಾಳಾಗಿಲ್ಲವೆಂದು ಅವನ ತಾಯಿ ಹೇಳಿದರು. ಕಡಸು ಈಗ ಕರು ಹಾಕಿದೆ, ಹೆಣ್ಣುಗರು. ಹೋದ ಶನಿವಾರ ಜಗಲಿಗೆ ಮೊದಲು ಬಂದವಳು ಅವನ ತಂಗಿ. ಅಳತೆಯ ದಾರ ಅವಳ ಕೈಯಲ್ಲಿತ್ತು. ಅಣ್ಣ ಸೈಕಲ್ ಹಿಡಿದುಕೊಂಡು ಗೇಟಿನ ಹೊರಗೇ ನಿಂತಿದ್ದ.